ಗೂಟ ಹೊಡೆದ ಅಂಕಣ

ಕೋಲಾರದ ಒಂದು ಕಾಲೇಜಿನ ಟೆನಿಸ್ ಅಂಕಣಕ್ಕೆ ಯೋಗ ಕೂಡಿಬಂದಿದೆ. ಮಣ್ಣು ಕಿತ್ತು ಸಿಂಥೆಟಿಕ್ ಹಾಸುತ್ತಾರಂತೆ, ಮಣ್ಣಿನ ಅಂಕಣ ಹಾಳಾಗಿದೆಯಂತೆ. ತಾನಾಗಿಯೇ ಹಾಳಾಯಿತು ಪಾಪ. ಕಾಲೇಜು ದಿನಾಚರಣೆ, ಉದ್ಯೋಗ ಮೇಳ, ಯಾರದೋ ಸನ್ಮಾನ, ಎಲ್ಲಕ್ಕೂ ಶಾಮಿಯಾನದ ಗೂಟ ಹೊಡೆದದ್ದು ಅಲ್ಲಿಯೇ. ಬೇಸ್‌ಲೈನ್ ಬಳಿಯ ಒಂದು ಕುಳಿಯಲ್ಲಿ ಚೆಂಡು ಬಿದ್ದರೆ ಅರ್ಧ ಇಳಿದು ಕೂತುಬಿಡುತ್ತದೆ. ಹುಡುಗರು ನಿಯಮವನ್ನೇ ತಿದ್ದಿಕೊಂಡಿದ್ದಾರೆ: ಕುಳಿಗೆ ಬಿದ್ದರೆ ಪಾಯಿಂಟ್ ಯಾರಿಗೂ ಇಲ್ಲ, ಮತ್ತೆ ಸರ್ವ್.

ಕಾಲೇಜುಗಳ ಗುಣಮಟ್ಟ ಪರೀಕ್ಷಿಸುವ ನ್ಯಾಕ್ ತಂಡ ಬರುವ ಹಿಂದಿನ ದಿನ ಮಾತ್ರ ಅಲ್ಲಿ ಮದುವೆ ಮನೆಯ ಕಳೆ. ಪಾರ್ಥೇನಿಯಂ ಕಿತ್ತು, ಸುಣ್ಣದ ಗೆರೆ ಎಳೆದು, ಎಲ್ಲಿಂದಲೋ ನೆಟ್ ತಂದು ಕಟ್ಟುತ್ತಾರೆ. ಅದು ವಾಲಿಬಾಲ್ ನೆಟ್ ಆದರೂ ಅಡ್ಡಿಯಿಲ್ಲ, ಬಂದವರು ಅಳತೆ ಪಟ್ಟಿ ಹಿಡಿದು ಬಂದಿರುವುದಿಲ್ಲ. ವರದಿಯಲ್ಲಿ ‘ಬಹೂಪಯೋಗಿ ಕ್ರೀಡಾ ಸೌಲಭ್ಯ’ ಎಂದು ಬರೆದರಾಯಿತು. ಸುಳ್ಳೂ ಅಲ್ಲ. ಬೆಳಿಗ್ಗೆ ಬೈಕುಗಳು ನಿಲ್ಲುತ್ತವೆ, ರಜೆಯಲ್ಲಿ ರಾಗಿ ಒಣಗುತ್ತದೆ.

ಫ್ರೆಂಚ್ ಓಪನ್ ಟೆನಿಸ್ ನಡೆಯುವ ಪ್ಯಾರಿಸ್‌ನ ರೋಲ್ಯಾಂಡ್ ಗ್ಯಾರೋಸ್‌ನ ಮಣ್ಣಿನ ಅಂಕಣದಲ್ಲಿ ಕಣ್ಣಿಗೆ ಕಾಣುವ ಕೆಂಪು ಎಂದರೆ ಒಂದೆರಡು ಮಿಲಿಮೀಟರ್ ಇಟ್ಟಿಗೆ ಪುಡಿ. ಅದರಡಿ ಸುಣ್ಣಕಲ್ಲಿನ ಪುಡಿ, ಕಲ್ಲಿದ್ದಲಿನ ಕಿಟ್ಟ, ಜಲ್ಲಿ. ಅಷ್ಟು ತೆಳುವಾದ ಪದರದ ಮೇಲೆ ಸ್ಪೇನಿನ ರಫೆಲ್ ನಡಾಲ್ 14 ಸಲ ಪ್ರಶಸ್ತಿ ಗೆದ್ದರು. ನೀರು ಚಿಮುಕಿಸಿ, ಮಣ್ಣಿನ ಮೇಲೆ ಬಲೆ ಎಳೆದು ಸಮ ಮಾಡಿ, ಗೆರೆ ಗುಡಿಸುವ ಜನ ಅಲ್ಲಿದ್ದಾರೆ. ನಮಗೂ ಇಟ್ಟಿಗೆಗೆ ಬರವಿಲ್ಲ, ಪಕ್ಕದಲ್ಲೇ ಇಟ್ಟಿಗೆ ಸುಡುವ ಮಾಲೂರಿದೆ. ನೀರಿಗೆ ಬರ, ಒಪ್ಪಿದೆ, ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಆದರೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಗೊಂಡು ನಮ್ಮ ಕೆರೆಗಳವರೆಗೆ ಬರುತ್ತಿದೆ. ಅಷ್ಟು ದೂರ ಬಂದ ನೀರಿಗೆ ಅಂಕಣದವರೆಗೆ ಬರಲು ದಾರಿ ತಿಳಿಯಲಿಲ್ಲ ಎನ್ನೋಣವೇ?

ಅಸಲಿ ತೊಡಕು ಬೇರೆ. ನೀರು ಚಿಮುಕಿಸುವುದನ್ನು ಯಾರೂ ಟೇಪು ಕತ್ತರಿಸಿ ಉದ್ಘಾಟಿಸುವುದಿಲ್ಲ. ಪೊರಕೆಯ ಮೇಲೆ ಶಾಸಕರ ಹೆಸರು ಕೆತ್ತಲು ಜಾಗವಿಲ್ಲ. ರೋಲರ್ ಎಳೆಯುವ ಒಬ್ಬ ಆಳಿನ ಸಂಬಳದಲ್ಲಿ ಯಾರಿಗೆ ಏನು ಗಿಟ್ಟೀತು? ಸಿಂಥೆಟಿಕ್ ಆದರೆ ಟೆಂಡರ್ ಇದೆ, ಭೂಮಿಪೂಜೆ ಇದೆ, ಶಿಲಾಫಲಕ ಇದೆ. ಕೆಲವು ವರ್ಷಕ್ಕೆ ಅದೂ ಬಿರಿಯುತ್ತದೆ, ಆಗ ಇನ್ನೊಂದು ಟೆಂಡರ್.

ಪ್ರತಿ ವರ್ಷ ದಾಖಲಾತಿಯ ಹೊತ್ತಿಗೆ ಕ್ರೀಡಾ ಶುಲ್ಕ ವಸೂಲಿ ಮಾಡುತ್ತೀರಲ್ಲ ಸ್ವಾಮಿ, ಅದರಲ್ಲಿ ಕುಳಿ ಮುಚ್ಚಲು ಎರಡು ಬುಟ್ಟಿ ಮಣ್ಣು ಬರಲಿಲ್ಲವೇ? ಜಾರುತ್ತಾ ಹೋಗಿ ಚೆಂಡು ಹೊಡೆಯುವುದೇ ಮಣ್ಣಿನಂಕಣದ ಸೊಗಸು. ಇಲ್ಲಿ ಜಾರಿದರೆ ಕಾಲು ಉಳುಕುತ್ತದೆ. ಹಳ್ಳಿಯಿಂದ ಬಸ್ ಹಿಡಿದು ಬರುವ ಹುಡುಗಿ ಕುಂಟುತ್ತಾ ಮನೆ ಸೇರಿದರೆ ‘ನಿನಗೇಕೆ ಬೇಕಿತ್ತು ಟೆನಿಸ್’ ಎಂದು ಬೈಸಿಕೊಳ್ಳುವವಳು ಅವಳು. ಮಾರನೆಯ ದಿನದಿಂದ ಅವಳು ಆಟಕ್ಕೆ ಬರುವುದಿಲ್ಲ. ನಿಮ್ಮ ಕಡತದಲ್ಲಿ ಅದಕ್ಕೊಂದು ಕಾಲಂ ಕೂಡ ಇಲ್ಲ.

ಸದ್ಯಕ್ಕೆ ಸಮಿತಿಯಲ್ಲಿ ಚರ್ಚೆ ಬಿಸಿಯಾಗಿದೆಯಂತೆ: ಹಾಸು ಹಸಿರು ಬಣ್ಣದ್ದಿರಬೇಕೋ, ನೀಲಿ ಬಣ್ಣದ್ದಿರಬೇಕೋ.