ನೀವು ಮನಷ್ಯಾರ ಹೌದಲ್ರಿ?

ಗುಳೇದಗುಡ್ಡದ ನಮ್ಮ ಕಾಕಾ ಖಣದ ಅಂಗಡಿಗೆ ವೆಬ್‌ಸೈಟ್ ಮಾಡಿಸಿದ. ಗಿರಾಕಿ ಬರಲಿಲ್ಲ, ಅಭಿಮಾನಿಗಳು ಬಂದರು. 'ಸಂಪರ್ಕಿಸಿ' ಅನ್ನುವ ಪುಟದಲ್ಲಿ ಬೆಳಗಾದರೆ ಹತ್ತಿಪ್ಪತ್ತು ಓಲೆ. ಚಹಾ ಕುಡಿಯುತ್ತ ನನ್ನ ಕೈಲಿ ಓದಿಸುತ್ತಾನೆ.

ಒಬ್ಬ ಬರೆದಿದ್ದ: ನಿಮ್ಮ ವೆಬ್‌ಸೈಟ್ ಅದ್ಭುತ, ಆದರೆ ಹದಿನೇಳು ದೋಷಗಳಿವೆ. ರೊಕ್ಕ ಕೊಟ್ಟರೆ ಗೂಗಲ್‌ನ ಮೊದಲ ಪುಟಕ್ಕೆ ಏರಿಸುವೆ.

"ಹದಿನೇಳ? ನಿಮ್ಮ ಕಾಕೂನೂ ನನ್ನಾಗ ಇಷ್ಟ ತಗದಿಲ್ಲ ಬಿಡೋ!"

ಇನ್ನೊಬ್ಬನಿಗೆ ಸಿಟ್ಟು. ನನ್ನ ಫೋಟೊ ಕದ್ದೀರಿ, ಕೋರ್ಟಿಗೆ ಎಳೆಯುತ್ತೇನೆ, ಸಾಕ್ಷಿ ಬೇಕಾದರೆ ಈ ಲಿಂಕ್ ಒತ್ತಿ. ಫೋಟೊ ಕಾಕಾನ ಮಗ್ಗದ್ದು, ತೆಗೆದವನು ನಾನು. ಒತ್ತಿದ್ದರೆ ಸಾಕ್ಷಿಯ ಬದಲು ವೈರಸ್ ಇಳಿಯುತ್ತಿತ್ತು.

ಮನೆಮಂದಿಯನ್ನು ಕಂಗೆಡಿಸಿದ್ದು ಮೂರನೆಯದು. ಹೆಸರಿನ ಜಾಗದಲ್ಲಿ ಎಕ್ಸ್, ಕ್ಯೂ, ಝಡ್, ವಿ. ಸಂದೇಶದ ಜಾಗದಲ್ಲೂ ಅದೇ ಗೊಂದಲ, ಸ್ವರಕ್ಕೆ ಗತಿಯಿಲ್ಲ. "ಯಾರೋ ಮಾಟ ಮಾಡಿಸ್ಯಾರ," ಅಂದ ಕಾಕಾ. ಕಾಕು ಉಪ್ಪು-ಮೆಣಸಿನಕಾಯಿ ತಂದು ಕಂಪ್ಯೂಟರಿನ ದೃಷ್ಟಿ ತೆಗೆದಳು.

ವಿಜಯಪುರದ ಗೋಳಗುಮ್ಮಟ ಹತ್ತಿದವರು 'ಹೋ' ಅಂತ ಒದರುತ್ತಾರಲ್ಲ, ಅದಕ್ಕೇನು ಅರ್ಥ? ತಿರುಗಿ ಕೇಳಿಸಬೇಕು, ಅಷ್ಟೇ. ಮೂರನೆಯ ಓಲೆ ಬರೆದದ್ದು ಬಾಟ್, ಅಂದರೆ ತಾನಾಗಿ ಫಾರ್ಮ್ ತುಂಬುವ ಕಂಪ್ಯೂಟರ್ ಪ್ರೋಗ್ರಾಂ. ಈ ಬಾಟ್‌ಗಳದೂ ಅದೇ ಚಟ. ಫಾರ್ಮ್ ತೆರೆದಿದೆಯೋ, ಉತ್ತರ ಬರುತ್ತದೋ ಅಂತ ಒದರಿ ನೋಡುತ್ತವೆ. ನಮ್ಮ ವೆಬ್‌ಸೈಟ್ ಮಹಾ ಮರ್ಯಾದಸ್ಥ. 'ಧನ್ಯವಾದ, ತಮ್ಮ ಸಂದೇಶ ತಲುಪಿದೆ' ಎಂದು ಸಂದೇಶದ ಪ್ರತಿಯ ಸಮೇತ ಉತ್ತರಿಸುತ್ತಿತ್ತು. ಅವು ಕೊಟ್ಟ ಇಮೇಲ್ ಯಾರೋ ಪಾಪದವರದು. ಹೀಗೆ ಕಾಕಾನ ಅಂಗಡಿಯ ಹೆಸರಿನಲ್ಲಿ ಊರೂರಿಗೆ ಕಸ ಹೋಯಿತು.

ವೆಬ್‌ಸೈಟಿನ ಹುಡುಗ ಬಾಗಿಲಿಗೆ ರಿಕ್ಯಾಪ್ಚಾ ಕೂರಿಸಿದ. 2009ರಲ್ಲಿ ಗೂಗಲ್ ಕೊಂಡುಕೊಂಡ ಕಾವಲುಗಾರ ಇದು. ಮನುಷ್ಯರನ್ನಷ್ಟೇ ಒಳಗೆ ಬಿಡುತ್ತದಂತೆ.

ಮರುದಿನ ಬಾದಾಮಿಯಿಂದ ಫೋನು. "ಅಣ್ಣಾರ, ಮಗಳ ಕುಬಸಕ್ಕ ಖಣ ಬೇಕಾಗಿತ್ತು. ನಿಮ್ಮ ಅಂಗಡಿ ನನ್ನ ಮನಷ್ಯಾಳ ಅಲ್ಲ ಅನ್ನಾಕತ್ತೈತ್ರಿ!"

ಅಮೆರಿಕದ ಬೀದಿಯ ಚಿತ್ರ ತೋರಿಸಿ, ಬೆಂಕಿ ಆರಿಸುವ ನಳ ಇರುವ ಚೌಕ ಒತ್ತಿ ಅಂದಿದೆ. ಬಾದಾಮಿಯಲ್ಲಿ ನಳವೆಂದರೆ ಕೊಡ ಇಡುವ ಜಾಗ. ಮೂರು ಸಲ ನಪಾಸು. ಕಾಕಾ ಫೋನಿನಲ್ಲೇ ಅವರ ಮನುಷ್ಯತ್ವಕ್ಕೆ ಜಾಮೀನು ನಿಂತು ಆರ್ಡರ್ ಬರೆದುಕೊಂಡ.

2023ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಹೋಲಿಸಿ ನೋಡಿದರೆ, ಇಂಥ ಪರೀಕ್ಷೆಗಳನ್ನು ಮನುಷ್ಯರಿಗಿಂತ ಬಾಟ್‌ಗಳೇ ಬೇಗ ಪಾಸು ಮಾಡಿದ್ದವು. ನಾನು ಇದನ್ನು ಕಾಕಾನಿಗೆ ಹೇಳುವ ಮೊದಲೇ ಎಕ್ಸ್ ಕ್ಯೂ ಝಡ್ ಮಹಾಶಯ ಮತ್ತೆ ಬಂದು ಕೂತಿದ್ದ.

ಕಾಕಾ ಕನ್ನಡಕ ಏರಿಸಿದ. "ಇಂವಾ ಪಾಸಾಗಿ ಬಂದಾನಲ್ಲೊ! ಕೇಳ್ ಮತ್ತ, ಎಷ್ಟ ಖಣ ಬೇಕಂತ."