ಸ್ಪಷ್ಟನೆ: ಐಎಚ್ಎಸ್ ಕಟ್ಟಿದರೆ ಬ್ರಿಟನ್ನಿನಲ್ಲಿ ಎಲ್ಲವೂ ಫ್ರೀ ಅಲ್ಲ

ಬ್ರಿಟನ್ನಿಗೆ ಓದಲು ಹೊರಟವರ ವಾಟ್ಸಾಪ್ ಗುಂಪುಗಳಲ್ಲಿ ಐಎಚ್ಎಸ್ (ವೀಸಾ ಅರ್ಜಿಯ ಜೊತೆ ಕಟ್ಟುವ ಆರೋಗ್ಯ ಸರ್ಚಾರ್ಜ್) ಬಗ್ಗೆ ಒಂದು ಸಂದೇಶ ಸುತ್ತುತ್ತಿದೆ: "ಇಲ್ಲಿಂದಲೇ ಇನ್ಶೂರೆನ್ಸ್ ಮಾಡಿಸಿಕೊಂಡರೆ ಐಎಚ್ಎಸ್ ಕಟ್ಟಬೇಕಿಲ್ಲ. ಕಟ್ಟಿದವರಿಗೆ ಅಲ್ಲಿ ಹಲ್ಲು, ಕನ್ನಡಕ, ಮಾತ್ರೆ ಎಲ್ಲ ಫ್ರೀ." ಎರಡೂ ತಪ್ಪು.

ಬ್ರಿಟನ್ನಿನ ಹೊರಗಿನಿಂದ ಆರು ತಿಂಗಳಿಗಿಂತ ಜಾಸ್ತಿ ಅವಧಿಯ ಸ್ಟೂಡೆಂಟ್ ವೀಸಾಗೆ ಅರ್ಜಿ ಹಾಕಿದರೆ ಈ ಆರೋಗ್ಯ ಸರ್ಚಾರ್ಜ್ ಕಟ್ಟಲೇಬೇಕು. ನಿಮ್ಮ ಹತ್ತಿರ ಎಷ್ಟೇ ದೊಡ್ಡ ಪಾಲಿಸಿ ಇದ್ದರೂ ವಿನಾಯಿತಿ ಇಲ್ಲ. 2024ರ ಫೆಬ್ರವರಿಯಿಂದ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್. ಲೆಕ್ಕ ಹಾಕುವುದು ಕೋರ್ಸಿನ ಅವಧಿಗಲ್ಲ, ವೀಸಾ ಅವಧಿಗೆ. ಹಾಗಾಗಿ ಒಂದು ವರ್ಷದ ಮಾಸ್ಟರ್ಸ್‌ಗೆ ಹೋಗುವವರಿಗೆ ವೀಸಾ ಸುಮಾರು ಹದಿನಾರು ಹದಿನೇಳು ತಿಂಗಳಿಗೆ ಸಿಗುವುದರಿಂದ, ಒಂದೂವರೆ ವರ್ಷದ್ದು ಅಂತ 1,164 ಪೌಂಡ್ ಬೀಳುತ್ತದೆ. ಬಜೆಟ್ ಹಾಕುವಾಗ ಮನೆಯವರು ಎಡವುವುದು ಇಲ್ಲೇ.

ಇನ್ನು ಫ್ರೀ ವಿಷಯ. ಜಿಪಿ (ಯಾವುದೇ ಕಾಯಿಲೆಗೆ ಮೊದಲು ಕಾಣುವ ಹತ್ತಿರದ ಡಾಕ್ಟರು), ತುರ್ತು ಚಿಕಿತ್ಸೆ, ಆಸ್ಪತ್ರೆಗೆ ಸೇರಿದರೆ ಆಗುವ ಖರ್ಚು, ಇದಕ್ಕೆಲ್ಲ ಬಿಲ್ ಬರುವುದಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಚೀಟಿಯಲ್ಲಿರುವ ಒಂದೊಂದು ಔಷಧಿಗೂ ದುಡ್ಡು ಕೊಡಬೇಕು, 2024ರ ಮೇಯಲ್ಲಿ ಅದು 9.90 ಪೌಂಡ್ ಆಯಿತು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ ಇದು ಪುಕ್ಕಟೆ. ಹಲ್ಲಿನ ಚಿಕಿತ್ಸೆಗೆ ಸಾಮಾನ್ಯವಾಗಿ ಬೇರೆ ಶುಲ್ಕ ಇರುತ್ತದೆ. ಆದಾಯ ಕಡಿಮೆ ಇದ್ದವರು ಎಚ್‌ಸಿ1 ಫಾರಂ ತುಂಬಿ ರಿಯಾಯಿತಿ ಕೇಳಬಹುದು, ಸುಮಾರು ಜನಕ್ಕೆ ಇದು ಗೊತ್ತೇ ಇಲ್ಲ.

ರೂಮು ಸಿಕ್ಕಿದ ತಕ್ಷಣ ಹತ್ತಿರದ ಜಿಪಿಯಲ್ಲಿ ಹೆಸರು ನೋಂದಾಯಿಸಿ, ಜ್ವರ ಬರಲಿ ಅಂತ ಕಾಯಬೇಡಿ. ವಿಳಾಸದ ದಾಖಲೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಇಂಗ್ಲೆಂಡಿನಲ್ಲಿ ನಿಮ್ಮನ್ನು ವಾಪಸ್ ಕಳಿಸುವ ಹಾಗಿಲ್ಲ.