ಬಿದ್ದಿತ್ತಾ ಸರ್?

ನಿನ್ನೆ ಕೊರಿಯರ್‌ನಲ್ಲಿ ನನ್ನ ಕ್ಯಾಮೆರಾ ಲೆನ್ಸ್ ವಾಪಸ್ ಬಂತು. ಜೊತೆಗೊಂದು ಚೀಟಿ. ‘ಪೆಟ್ಟು ಬಿದ್ದ ಗುರುತಿದೆ, ವಾರಂಟಿ ಅನ್ವಯಿಸುವುದಿಲ್ಲ. ರಿಪೇರಿಗೆ ಇಷ್ಟು ಹಣ ಕಟ್ಟಿ.’ ಆ ‘ಇಷ್ಟು’ಕ್ಕೆ ಇನ್ನೊಂದು ಸ್ವಲ್ಪ ಸೇರಿಸಿದರೆ ಹೊಸದೇ ಬರುತ್ತದೆ. ಹಣದ ಮಾತು ಹಾಗಿರಲಿ. ಇದೇ ಲೆನ್ಸನ್ನು ಇದೇ ಸರ್ವೀಸ್ ಸೆಂಟರ್‌ನವರು ಹೋದ ತಿಂಗಳು ‘ಪರೀಕ್ಷಿಸಲಾಗಿದೆ, ಯಾವ ದೋಷವೂ ಇಲ್ಲ’ ಅಂತ ಸೀಲು ಒತ್ತಿ ಕಳಿಸಿದ್ದರು. ಅಂದರೆ ಆಗ ದೋಷವೇ ಇರಲಿಲ್ಲ. ಈಗ ಇದೆ, ಆದರೆ ಅದು ನನ್ನದು.

ಇದು 35 ಎಂಎಂ, ಎಫ್ 1.8 ಲೆನ್ಸ್. ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕು ಒಳಬರುವ ಕಿಂಡಿ ದೊಡ್ಡದು. ಬೆಳಕು ಕಡಿಮೆ ಇರುವ ಕಡೆ ಬೇಕಾಗುತ್ತೆ ಅಂತಲೇ ತಗೊಂಡಿದ್ದು. ನಮ್ಮ ತುಮಕೂರಿನ ಕಲ್ಯಾಣ ಮಂಟಪಗಳು ಗೊತ್ತಲ್ಲ, ಸ್ಟೇಜ್ ಮೇಲೆ ಬೆಳಕು, ಮಿಕ್ಕ ಕಡೆ ಅಮಾವಾಸ್ಯೆ. ಮೊದಲ ದಿನದಿಂದಲೂ ಫೋಟೊದ ಎಡಗಡೆ ಮಸುಕು. ಅದನ್ನು ಕಂಡುಹಿಡಿದವರು ನಮ್ಮ ಸೋದರತ್ತೆ. ಗ್ರೂಪ್ ಫೋಟೊ ಅಂದರೆ ಅವರು ನಿಲ್ಲುವುದು ಯಾವಾಗಲೂ ಎಡತುದಿಯಲ್ಲಿ. “ಎಲ್ಲರೂ ಲಕ್ಷಣವಾಗಿ ಬಂದಿದ್ದಾರೆ. ನನ್ನ ಮುಖ ಮಾತ್ರ ಯಾಕೋ ಒರೆಸಿ ಹಾಕಿದ್ದೀಯ?” ಅಂದರು. ಹಳೇ ಆಸ್ತಿ ಪಾಲಿನ ವಿಷಯವೂ ನಡುವೆ ಇರುವುದರಿಂದ ನಾನು ಬೇಕಂತಲೇ ಮಾಡಿದ್ದು ಅಂತ ಅವರಿಗೆ ಖಾತ್ರಿ.

ಲೆನ್ಸ್ ಅಂದರೆ ಒಂದೇ ಗಾಜಲ್ಲ, ಒಳಗೆ ಹಲವು ಗಾಜುಗಳ ಸಾಲು. ಅದರಲ್ಲಿ ಒಂದು ಕೂದಲೆಳೆಯಷ್ಟು ವಾಲಿ ಕೂತರೂ ಚಿತ್ರದ ಒಂದು ಮಗ್ಗುಲು ಮಬ್ಬಾಗುತ್ತದೆ. ಪರೀಕ್ಷೆ ಸುಲಭ. ಗೋಡೆಗೆ ಪೇಪರ್ ಅಂಟಿಸಿ, ನೇರ ಎದುರಿಗೆ ಟ್ರೈಪಾಡ್ ಇಟ್ಟು ಫೋಟೊ ತೆಗೆಯಬೇಕು. ಆಮೇಲೆ ಕ್ಯಾಮೆರಾ ತಲೆಕೆಳಗು ಮಾಡಿ ಇನ್ನೊಂದು. ಮೊದಲು ಪೇಪರ್‌ನ ಎಡಗಡೆ ಮಸುಕಾಗಿತ್ತು, ಆಮೇಲೆ ಬಲಗಡೆ. ಮಸುಕು ಕ್ಯಾಮೆರಾ ಜೊತೆಗೇ ತಿರುಗಿತು. ಅಂದರೆ ಗೋಡೆ ಸರಿ, ಟ್ರೈಪಾಡ್ ಸರಿ, ಕೆಟ್ಟಿರುವುದು ಲೆನ್ಸೇ. ಪಕ್ಕದ ಮನೆಯ ಯಜಮಾನರು ಗೇಟಿನಲ್ಲಿ ನಿಂತು ಇಷ್ಟೂ ನೋಡಿ, “ಓದೋದಾದ್ರೆ ಇಳಿಸ್ಕೊಂಡೇ ಓದಬಹುದಲ್ವಾ?” ಅಂದರು.

ಪುರಾವೆಗಳನ್ನೆಲ್ಲ ಪ್ರಿಂಟ್ ಹಾಕಿಸಿಕೊಂಡು ಬೆಂಗಳೂರಿನ ರೈಲು ಹತ್ತಿದೆ. ಕ್ಯಾತ್ಸಂದ್ರ ದಾಟುವುದರೊಳಗೆ ಹೇಳಬೇಕಾದ್ದೆಲ್ಲ ಬಾಯಿಪಾಠ ಆಗಿತ್ತು. ಕೌಂಟರ್‌ನಲ್ಲಿದ್ದ ಹುಡುಗ ಪ್ರಿಂಟ್ ಮುಟ್ಟಲೂ ಇಲ್ಲ. ಲೆನ್ಸನ್ನು ಟ್ಯೂಬ್‌ಲೈಟಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, “ಬಿದ್ದಿತ್ತಾ ಸರ್?” ಅಂದ.

“ಇಲ್ಲ.”

“ಕೈ ಜಾರಿತ್ತಾ?”

“ಇಲ್ಲಪ್ಪ.”

“ಮನೇಲಿ ಮಕ್ಕಳಿದ್ದಾರಾ?”

ಇದ್ದಾರೆ ಅಂದೆ. ಪೆನ್ನು ತೆಗೆದ. ಮಗಳು ಹಾಸ್ಟೆಲ್‌ನಲ್ಲಿದ್ದಾಳೆ ಅಂದಮೇಲೆ ಪೆನ್ನು ಕೆಳಗಿಟ್ಟ. ಬೈಕ್‌ನಲ್ಲಿ ಒಯ್ದಿದ್ರಾ? ಹಂಪ್ ಎಗರಿಸಿದ್ರಾ? ಬೆಟ್ಟ ಹತ್ತಿದ್ರಾ? ದೇವರಾಯನದುರ್ಗಕ್ಕೆ ಹೋಗಿದ್ದೆ, ಲೆನ್ಸ್ ನನ್ನ ಕೊರಳಲ್ಲೇ ಇತ್ತು ಅಂದೆ. “ಹಾಗಾದ್ರೆ ನೀವೇನಾದ್ರೂ ಬಿದ್ರಾ ಸರ್?” ಅಂತ ಎಷ್ಟು ಕಳಕಳಿಯಿಂದ ಕೇಳಿದ ಅಂದರೆ, ಬಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ತೇವಕ್ಕೆ ಗಾಜಿನ ಮೇಲೆ ಫಂಗಸ್ ಬಂದರೂ ವಾರಂಟಿ ಇಲ್ಲವಂತೆ, ಅದನ್ನೂ ಹುಡುಕಿದ. ನಮ್ಮೂರಲ್ಲಿ ಮನುಷ್ಯರಿಗೇ ನೀರಿಲ್ಲ, ಫಂಗಸ್‌ಗೆ ಎಲ್ಲಿಂದ ಬರಬೇಕು? ನನ್ನ ಹಿಂದೆ ಫ್ಲ್ಯಾಶ್ ಹಿಡಿದು ನಿಂತಿದ್ದವರು ಸರದಿ ಬರುವ ಮೊದಲೇ “ನಂದು ಬಿದ್ದಿಲ್ಲ” ಅಂತ ಹೇಳಿಬಿಟ್ಟರು. ಅವನಿಗೆ ಅನುಮಾನ ಬಂದು ಅದನ್ನು ಮೊದಲು ಒಳಗೆ ಕಳಿಸಿದ.

ಕೊನೆಗೆ ಒಂದು ಉಪಾಯ ಹೇಳಿಕೊಟ್ಟ. “ಎಫ್ 8ರಲ್ಲಿ ತೆಗೀರಿ ಸರ್, ಗೊತ್ತೇ ಆಗಲ್ಲ.” ನಿಜ, ಅಪರ್ಚರ್ ಅಂದರೆ ಆ ಕಿಂಡಿಯನ್ನು ಕಿರಿದು ಮಾಡಿದರೆ ಈ ದೋಷ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಆದರೆ ನಾನು ಜಾಸ್ತಿ ಕಾಸು ಕೊಟ್ಟಿದ್ದು 1.8ಕ್ಕೆ. ನಾಲ್ಕು ಕಾಲಿನದು ಅಂತ ಮೂರು ಕಾಲಿನ ಮಂಚ ಮಾರಿ, ಗೋಡೆಗೆ ಒರಗಿಸಿ ಮಲಗಿ ಅಂದ ಹಾಗಾಯಿತು.

ಮನೆಗೆ ಬಂದು ಸಿಟ್ಟಿಗೆ ಅಪ್ಪನ ಹಳೇ ಯಾಶಿಕಾದಲ್ಲಿ ತೆಗೆದ ಕಪ್ಪು-ಬಿಳುಪು ಫೋಟೊಗಳನ್ನು ಹರಡಿಕೊಂಡು ಕೂತೆ. ಆ ಕ್ಯಾಮೆರಾಗೆ ಬಿಲ್ಲೂ ಇರಲಿಲ್ಲ, ವಾರಂಟಿಯೂ ಇರಲಿಲ್ಲ. ಒಂದರಲ್ಲಿ ಅತ್ತೆ ಇದ್ದಾರೆ, ಎರಡು ಜಡೆ, ಆಗಲೂ ಎಡತುದಿಯಲ್ಲೇ. ರವಿಕೆಯ ತೋಳಿನ ಅಂಚಿನ ಹೊಲಿಗೆ ಕೂಡ ಎಣಿಸುವಷ್ಟು ಸ್ಪಷ್ಟ. ಪಕ್ಕದಲ್ಲಿ ಅಜ್ಜಿ ಇದ್ದಾರೆ. ಅತ್ತೆ ಅಜ್ಜಿಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಿದ್ದಾರೆ. ಅದನ್ನು ನಾನು ಇಷ್ಟು ವರ್ಷ ನೋಡೇ ಇರಲಿಲ್ಲ.

ಈಗ ಆ ಎರಡು ಚೀಟಿಗಳನ್ನೂ ಒಂದೇ ಪಿನ್ನು ಹೊಡೆದು ಇಟ್ಟಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಮೇಲೆ ಕೇಸು ಹಾಕಲು ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ದೂರುದಾರ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಹಾಕಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ‘ದೋಷವಿಲ್ಲ’ ಅಂದ ಚೀಟಿಯೇ ನನ್ನ ಮೊದಲ ಸಾಕ್ಷಿ. ಅತ್ತೆ ಎರಡನೆಯವರು. ಕರೆದರೆ ಬರಲು ಸೀರೆ ಕೂಡ ಆರಿಸಿಟ್ಟಿದ್ದಾರೆ.

ಅಷ್ಟರಲ್ಲಿ ಶಿರಾ ಗೇಟ್ ಹತ್ತಿರ ಅಣ್ಣನ ಮನೆಯ ಗೃಹಪ್ರವೇಶ ಬಂದಿದೆ, ಫೋಟೊ ನನ್ನದೇ. ವಿಷಯ ಎಲ್ಲರಿಗೂ ಗೊತ್ತಾಗಿಹೋಗಿದೆ. ಅತ್ತೆ ಬಲಗಡೆ ಈಗಲೇ ರಿಸರ್ವ್ ಮಾಡಿದ್ದಾರೆ, ಚಿಕ್ಕಪ್ಪ ನಡುವೆ ಅಂತೆ. ಎಡಗಡೆಗೆ ಯಾರೂ ಒಪ್ಪುತ್ತಿಲ್ಲ. ಬಾಮೈದ ದಾವಣಗೆರೆಯಿಂದ ಬರುವುದು ಊಟದ ಹೊತ್ತಿಗೆ, ಅವನಿಗೆ ಇದ್ಯಾವುದೂ ತಿಳಿಯದು. ಅವನನ್ನೇ ನಿಲ್ಲಿಸುವುದು ಅಂತ ತೀರ್ಮಾನವಾಗಿದೆ.